ಮೊಳಕೆಯನ್ನು ನೋಡುವ ಕಣ್ಣು

ಕನ್ನಡ ಕಲಿಸುವವರಿಗೆ ಗಾದೆಗಳ ಸಹವಾಸ ತಪ್ಪಿದ್ದಲ್ಲ. ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ವರ್ಷವೂ ಒಂದು ಗಾದೆ ಇರಲೇಬೇಕು, ಮಕ್ಕಳು ಅದನ್ನು ವಿಸ್ತರಿಸಿ ಬರೆಯಲೇಬೇಕು, ನಾವು ಅದನ್ನು ತಿದ್ದಲೇಬೇಕು. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬುದನ್ನೂ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬುದನ್ನೂ ಇಷ್ಟು ವರ್ಷಗಳಲ್ಲಿ ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಉತ್ತರ ಬರೆದಿಡುತ್ತಾರೆ. ಚಿಕ್ಕಂದಿನಲ್ಲೇ ಎಚ್ಚರ ವಹಿಸಬೇಕು, ಅಷ್ಟೆ. ಆದರೆ ನಿಧಾನವಾಗಿ ಓದಿದರೆ ಎರಡೂ ಒಂದೇ ಮಾತಲ್ಲ. ಮೊದಲನೆಯದು ನೋಡುವ ಮಾತು, ಎರಡನೆಯದು ಬಗ್ಗಿಸುವ ಮಾತು. ಮೊಳಕೆಯನ್ನು ನೋಡಿ ಸುಮ್ಮನಿರಬಹುದು, ನೋಡಿ ನೀರು ಹೊಯ್ಯಬಹುದು, ನೋಡಿ ನಮಗೆ ಬೇಕಾದ ಕಡೆಗೆ ಬಗ್ಗಿಸಲೂಬಹುದು. ಮೂರೂ ಬೇರೆ ಬೇರೆ ಕೆಲಸ.

ಎರಡು ವರ್ಷ ತುಂಬದ ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಎದುರಿಗೆ ಒಂದು ಟ್ಯಾಬ್ ಇಟ್ಟು, ಅದರ ಕ್ಯಾಮೆರಾದಿಂದ ಮಗುವಿನ ಮುಖವನ್ನು ನೋಡಿ, 'ಈ ಮಗುವಿಗೆ ಆಟಿಸಂ ಇರಬಹುದು' ಎಂದು ಹೇಳುವ ಉಪಾಯಗಳ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಓದಿದಾಗಲೆಲ್ಲ ಆ ಎರಡು ಗಾದೆಗಳ ವ್ಯತ್ಯಾಸ ನೆನಪಾಗುತ್ತದೆ. ಇನ್ನೂ ಹೆಜ್ಜೆ ಗಟ್ಟಿಯಾಗದ ಮಗುವನ್ನು ಹಾಗೆ ಪರೀಕ್ಷಿಸುವುದು ಸರಿಯೇ? ಸರಿ ಎನ್ನುವುದಾದರೆ, ನೋಡಿದ ಮೇಲೆ ನೋಡಿದವರ ಹೊಣೆ ಏನು?

ಆಟಿಸಂ ಎಂಬ ಪದಕ್ಕೆ ಕನ್ನಡದಲ್ಲಿ 'ಸ್ವಲೀನತೆ' ಎಂದು ಬಳಸುತ್ತಾರೆ. ತನ್ನಲ್ಲೇ ಲೀನವಾಗಿರುವುದು. ಅಮೆರಿಕದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಈ ಸ್ಥಿತಿ ವೈದ್ಯರ ಗಮನಕ್ಕೆ ಬಂತು. ಇದು ಅಂಟುವ ರೋಗವಲ್ಲ, ಹುಚ್ಚಲ್ಲ, ಮಾತ್ರೆ ನುಂಗಿಸಿ ವಾಸಿಮಾಡುವಂಥದೂ ಅಲ್ಲ. ಮೆದುಳು ಬೆಳೆಯುವ ಬಗೆಯಲ್ಲೇ ಇರುವ ಒಂದು ವ್ಯತ್ಯಾಸ. ಕೆಲವು ಮಕ್ಕಳಲ್ಲಿ ಅದು ತೆಳುವಾಗಿರುತ್ತದೆ, ಕೆಲವರಲ್ಲಿ ಜೀವನವಿಡೀ ಇನ್ನೊಬ್ಬರ ಆಸರೆ ಬೇಕಾಗುವಷ್ಟು ಗಾಢವಾಗಿರುತ್ತದೆ. ಜನರೊಡನೆ ಒಡನಾಡುವ, ಮಾತು ಸನ್ನೆಗಳಲ್ಲಿ ಹೇಳಿಕೊಳ್ಳುವ ರೀತಿ ಬೇರೆಯಾಗಿರುತ್ತದೆ. ಕೆಲವು ಶಬ್ದ, ಬೆಳಕು, ಬಟ್ಟೆ ಸಹಿಸಲಾಗುವುದಿಲ್ಲ. ಮಾಡಿದ್ದನ್ನೇ ಮಾಡುವುದರಲ್ಲಿ ನೆಮ್ಮದಿ ಇರುತ್ತದೆ.

ಎಳೆಯ ಮಗುವಿನಲ್ಲಿ ಇದನ್ನು ಗುರುತಿಸುವ ಸೂಚನೆಗಳು ನಮ್ಮ ಹೆಂಗಸರಿಗೆ ಹೊಸವಲ್ಲ. ವರ್ಷ ತುಂಬುವ ಹೊತ್ತಿಗೆ ಮಗು ಹೆಸರು ಕರೆದರೆ ತಿರುಗುತ್ತದೆ. ನಕ್ಕರೆ ನಗುತ್ತದೆ. ಕಿಟಕಿಯಲ್ಲಿ ಕಾಗೆ ಕಂಡರೆ ಬೆರಳು ಚಾಚಿ ತೋರಿಸಿ, ಅಮ್ಮನೂ ನೋಡಿದಳೇ ಎಂದು ಅವಳ ಮುಖ ನೋಡುತ್ತದೆ. ಕಾಗೆ ಬೇಕೆಂದಲ್ಲ, ತಾನು ಕಂಡದ್ದನ್ನು ಅಮ್ಮನೂ ಕಾಣಲಿ ಎಂದು. ಚಂದಮಾಮನನ್ನು ತೋರಿಸುತ್ತ ಅನ್ನ ತಿನ್ನಿಸುವ ತಾಯಿಗೆ, ಮಗು ಅವಳ ಬೆರಳಿನ ಜೊತೆ ಕಣ್ಣು ಹೊರಳಿಸುತ್ತದೆಯೋ ಇಲ್ಲವೋ ಗೊತ್ತಿರುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ತೋರಿಸುವಿಕೆ, ಈ ತಿರುಗಿ ನೋಡುವಿಕೆ ತಡವಾಗುತ್ತದೆ ಅಥವಾ ಕಡಿಮೆ ಇರುತ್ತದೆ.

ಗೊತ್ತಿರುತ್ತದೆ ಎಂದೆ. ಆದರೆ ತಾಯಿಗೆ ಗೊತ್ತಿರುವುದನ್ನು ಕೇಳುವವರು ಯಾರು? 'ಅವರಪ್ಪನೂ ಮೂರು ವರ್ಷದ ತನಕ ಮಾತಾಡಿರಲಿಲ್ಲ' ಎಂದು ಅತ್ತೆ ಹೇಳುತ್ತಾರೆ. 'ಗಂಡು ಮಕ್ಕಳು ನಿಧಾನ' ಎಂದು ಪಕ್ಕದ ಮನೆಯವರು ಹೇಳುತ್ತಾರೆ. 'ನೋಡೋಣ, ಆರು ತಿಂಗಳು ಬಿಟ್ಟು ಬನ್ನಿ' ಎಂದು ಡಾಕ್ಟರೂ ಹೇಳಿಬಿಡುತ್ತಾರೆ. ನನಗೆ ಪರಿಚಯದ ಒಬ್ಬ ತಾಯಿ ತನ್ನ ಮಗ ವರ್ಷ ಎರಡು ತಿಂಗಳಿದ್ದಾಗಲೇ ಏನೋ ಬೇರೆಯಿದೆ ಎಂದು ಕಂಡುಕೊಂಡಿದ್ದಳು. ಹೆಸರು ಸಿಕ್ಕಿದ್ದು ಮಗನಿಗೆ ನಾಲ್ಕೂವರೆ ತುಂಬಿದ ಮೇಲೆ. 'ಆ ದಿನ ತುಂಬಾ ಅತ್ತೆ ಮೇಡಂ. ಆದರೆ ಮೂರು ವರ್ಷದ ಮೇಲೆ ಅವತ್ತು ರಾತ್ರಿ ನಿದ್ದೆ ಬಂತು' ಎಂದಳು. ಮಗುವಿಗೊಂದು ಹಣೆಪಟ್ಟಿ ಅಂಟಿಸುತ್ತಾರೆ ಎಂದು ಹೆದರುವವರು ಆ ನಿದ್ದೆಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಹೆಸರಿಲ್ಲದ ಕಾಲ ಹೇಗಿತ್ತೆಂಬುದನ್ನು ನನ್ನ ವಯಸ್ಸಿನ ಶಿಕ್ಷಕಿಯರು ಕಂಡಿದ್ದೇವೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಲೆಗೆ ಸೇರಿದ ಪ್ರಾಥಮಿಕ ವಿಭಾಗಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಬಳಪಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸುತ್ತಿದ್ದ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ. ಕಿವುಡನೆಂದು ಕೆಲವರು, ಮೊಂಡನೆಂದು ಕೆಲವರು. ಅವನ ತಾಯಿ ದಿನವಿಡೀ ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ದಾರಿಹೋಕ ಹೆಂಗಸರು ಅವಳನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: 'ಬಸುರಿಯಲ್ಲಿ ಗ್ರಹಣ ನೋಡಿದ್ಯಾ?' ಮೂರನೆಯ ತರಗತಿಯ ಹೊತ್ತಿಗೆ ಅವನು ಶಾಲೆಗೆ ಬರುವುದು ನಿಂತಿತು. 1995ರ ಅಂಗವಿಕಲರ ಕಾಯಿದೆಯಲ್ಲಿ ಅವನಂಥ ಮಗುವಿಗೆ ಒಂದು ಪದವೂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರು ಬಂತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ ಅದೂ ಒಂದಾಯಿತು. ಹೆಸರು ಬಂದ ಮೇಲೆ ಪ್ರಮಾಣಪತ್ರ, ಸವಲತ್ತು, ಶಾಲೆಯಲ್ಲಿ ಕೇಳುವ ಹಕ್ಕು ಎಲ್ಲವೂ ಅದರ ಹಿಂದೆ ಬಂದವು.

ಗ್ರಹಣದ ಪ್ರಶ್ನೆ ಕೇಳಿದವರನ್ನು ಓದಿಲ್ಲದವರು ಎಂದು ಬಿಟ್ಟುಬಿಡುವ ಹಾಗೂ ಇಲ್ಲ. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ ಎಂಬ ಪ್ರಸಿದ್ಧ ಪ್ರೊಫೆಸರು 1967ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದು, ತಾಯಿಯ ಪ್ರೀತಿಯ ಕೊರತೆಯೇ ಆಟಿಸಂಗೆ ಕಾರಣವೆಂಬ ಮಾತನ್ನು ಮನೆಮನೆಗೆ ಮುಟ್ಟಿಸಿದರು. ಆ ತಾಯಂದಿರಿಗೆ 'ಫ್ರಿಜ್ಜಿನಂಥ ತಾಯಂದಿರು' ಎಂಬ ಹೆಸರೇ ಬಿತ್ತು. ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಹುಟ್ಟಿನಿಂದ ಬರುವ ಜೈವಿಕ ಸ್ಥಿತಿ, ತಾಯಿಯ ತಪ್ಪಲ್ಲ ಎಂದು ಬರೆದಿದ್ದರು. ಅವರ ಮಾತೇ ಸರಿಯೆಂದು ಮುಂದಿನ ಸಂಶೋಧನೆ ತೋರಿಸಿತು. ಆದರೂ ಎಷ್ಟು ತಾಯಂದಿರು ತಮ್ಮ ಎದೆಯನ್ನು ತಾವೇ ತಡವಿ ನೋಡಿಕೊಂಡರೋ! ಈಗ ನಮ್ಮಲ್ಲಿ ಗ್ರಹಣ ಹೋಗಿ ಮೊಬೈಲ್ ಬಂದಿದೆ. 'ಮೊಬೈಲ್ ಕೊಟ್ಟು ಕೊಟ್ಟು ನೀನೇ ಹೀಗೆ ಮಾಡಿದೆ' ಎಂದು ಸೊಸೆಗೆ ಹೇಳುವ ಮನೆಗಳನ್ನು ನಾನು ಬಲ್ಲೆ. ಎಳೆಯ ಮಕ್ಕಳಿಗೆ ಮೊಬೈಲ್ ಒಳ್ಳೆಯದಲ್ಲ, ಆಡುವ ಮಾತು ಕಡಿಮೆಯಾಗುತ್ತದೆ, ಅದು ನಿಜ. ಆದರೆ ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಅದು ಅಡುಗೆ ಮಾಡುವಾಗ ಮಗುವಿನ ಕೈಗೆ ಕೊಟ್ಟ ಫೋನಿನಿಂದ ಬಂದದ್ದೆಂದು ಯಾರೂ ಸಾಬೀತು ಮಾಡಿಲ್ಲ. ಹೀಗೆ ಆರೋಪ ಹೊತ್ತ ಆ ಫೋನೇ ಈಗ ಪರೀಕ್ಷಕನಾಗಿ ಬಂದಿರುವುದು ಒಂದು ವಿಚಿತ್ರ.

ಪರೀಕ್ಷಕನ ಅಗತ್ಯ ಏಕೆ ಬಂತು? ಅಮೆರಿಕದ ಮಕ್ಕಳ ವೈದ್ಯರ ಸಂಘ, ಎಲ್ಲ ಮಕ್ಕಳನ್ನೂ 18 ಮತ್ತು 24 ತಿಂಗಳಿಗೆ ಆಟಿಸಂ ಬಗ್ಗೆ ಒಮ್ಮೆ ಜರಡಿ ಹಿಡಿದು ನೋಡಬೇಕೆಂದು ಹೇಳುತ್ತದೆ. ಅದಕ್ಕಾಗಿ ಬಳಸುವುದು ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ. ಹೌದು, ಇಲ್ಲ ಎಂದು ತಂದೆತಾಯಿ ಗುರುತು ಹಾಕಬೇಕು. ಕಾಗದದ ಮೇಲೆ ಸುಲಭ. ಆದರೆ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಚಿಕಿತ್ಸಾಲಯಗಳಿಗೆ ಬಂದ ಸುಮಾರು 26 ಸಾವಿರ ಮಕ್ಕಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಥೆ ಹೇಳಿತು. ಮುಂದೆ ಆಟಿಸಂ ಇದೆಯೆಂದು ಗೊತ್ತಾದ ಮಕ್ಕಳಲ್ಲಿ ಆ ಪಟ್ಟಿ ಹಿಡಿದದ್ದು ನೂರಕ್ಕೆ 39ನ್ನು ಮಾತ್ರ. ಪಟ್ಟಿ ಬೆರಳು ತೋರಿಸಿದ ಮಕ್ಕಳಲ್ಲಿ ನಿಜಕ್ಕೂ ಆಟಿಸಂ ಇದ್ದದ್ದು ನೂರಕ್ಕೆ 15ರಷ್ಟು. ನನಗೆ ಇದು ಆಶ್ಚರ್ಯವೆನಿಸಲಿಲ್ಲ. ಗಿಜಿಗುಡುವ ಆಸ್ಪತ್ರೆಯಲ್ಲಿ ಚಪ್ಪಲಿ ಕಳೆದುಕೊಂಡ ಮಗುವನ್ನು ಕಂಕುಳಲ್ಲಿ ಇರಿಸಿಕೊಂಡು, 'ನಿಮ್ಮ ಮಗು ನಿಮ್ಮ ಗಮನ ಸೆಳೆಯಲು ಯತ್ನಿಸುತ್ತದೆಯೇ' ಎಂಬ ಪ್ರಶ್ನೆಗೆ ಯಾವ ತಾಯಿ ತಾನೇ ಸಾವಧಾನವಾಗಿ ಉತ್ತರ ಕೊಟ್ಟಾಳು? ಹೆದರಿಕೆಯಿದ್ದವಳು 'ಹೌದು' ಎನ್ನುತ್ತಾಳೆ. ಭಾಷೆ ಸರಿಯಾಗಿ ತಿಳಿಯದವಳು ಪಕ್ಕದವಳು ಹಾಕಿದ ಗುರುತನ್ನೇ ಹಾಕುತ್ತಾಳೆ.

ಡ್ಯೂಕ್ ವಿಶ್ವವಿದ್ಯಾಲಯದ ಜೆರಾಲ್ಡಿನ್ ಡಾಸನ್, ಗಿಯೆರ್ಮೋ ಸಪೀರೋ ಮತ್ತವರ ಸಂಗಡಿಗರು ತಾಯಿಯನ್ನು ಕೇಳುವುದರ ಜೊತೆಗೆ ಮಗುವನ್ನೇ ನೋಡೋಣ ಎಂದು ಹೊರಟರು. ಅವರ ಉಪಕರಣದ ಹೆಸರು ಸೆನ್ಸ್‌ಟುನೋ. ಮಾಮೂಲಿ ತಪಾಸಣೆಗೆ ಬಂದ ಮಗು ತಾಯಿಯ ತೊಡೆಯ ಮೇಲೆ ಕೂತು ಟ್ಯಾಬ್‌ನಲ್ಲಿ ಸಣ್ಣ ಸಣ್ಣ ಚಿತ್ರಗಳನ್ನು ನೋಡುತ್ತದೆ. ಒಂದು ಚಿತ್ರದಲ್ಲಿ ಒಂದು ಕಡೆ ಮನುಷ್ಯರು, ಇನ್ನೊಂದು ಕಡೆ ಆಟಿಕೆ. ಮಗುವಿನ ಕಣ್ಣು ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಮುಖದಲ್ಲಿ ಯಾವ ಭಾವ ಮೂಡುತ್ತದೆ, ತಲೆ ಹೇಗೆ ಆಡುತ್ತದೆ, ಕಣ್ಣು ಎಷ್ಟು ಸಲ ಮಿಟುಕುತ್ತದೆ, ಎಲ್ಲವನ್ನೂ ಕ್ಯಾಮೆರಾ ಹಿಡಿಯುತ್ತದೆ. ಕೊನೆಗೆ ತೆರೆಯ ಮೇಲೆ ಬರುವ ಗುಳ್ಳೆಗಳನ್ನು ಬೆರಳಿನಿಂದ ಒಡೆಯುವ ಆಟ. ಎಲ್ಲ ಸೇರಿ 10 ನಿಮಿಷದ ಒಳಗೆ ಮುಗಿಯುತ್ತದೆ. 2023ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದೂವರೆಯಿಂದ ಮೂರು ವರ್ಷದ ಆಸುಪಾಸಿನ 475 ಮಕ್ಕಳಿದ್ದರು, ಅವರಲ್ಲಿ 49 ಮಕ್ಕಳಿಗೆ ಆಟಿಸಂ ಇತ್ತು. ಉಪಕರಣ ಅವರಲ್ಲಿ ನೂರಕ್ಕೆ 88ರಷ್ಟು ಮಕ್ಕಳನ್ನು ಸರಿಯಾಗಿ ಗುರುತಿಸಿತು. ಬೆಳವಣಿಗೆಯಲ್ಲಿ ಯಾವ ತೊಡಕೂ ಇಲ್ಲದ ಮಕ್ಕಳಲ್ಲಿ ನೂರಕ್ಕೆ 81ರಷ್ಟನ್ನು ತೊಡಕಿಲ್ಲದವರೆಂದೇ ಹೇಳಿತು. ಗಂಡಾಗಲಿ ಹೆಣ್ಣಾಗಲಿ, ಯಾವ ಬಣ್ಣದವರಾಗಲಿ, ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೆಣ್ಣು ಮಕ್ಕಳನ್ನು 'ನಾಚಿಕೆ ಸ್ವಭಾವ' ಎಂದು ಬದಿಗಿಡುವ ಅಭ್ಯಾಸ ಎಲ್ಲ ದೇಶಗಳಲ್ಲೂ ಇರುವುದರಿಂದ ಇದು ಸಣ್ಣ ಮಾತಲ್ಲ.

ಈ ಪರೀಕ್ಷೆಯ ಒಂದು ಭಾಗವನ್ನು ಓದುವಾಗ ನನಗೆ ನಗು ಬಂತು. ನಡುನಡುವೆ ಹಿಂದಿನಿಂದ ಮಗುವಿನ ಹೆಸರು ಕರೆಯಬೇಕು, ಅದು ಎಷ್ಟು ಬೇಗ ತಿರುಗುತ್ತದೆ ಎಂದು ಯಂತ್ರ ಅಳೆಯುತ್ತದೆ. ನಮ್ಮ ಮನೆಗಳಲ್ಲಿ ಯಾವ ಹೆಸರು ಕರೆಯಬೇಕು? ನಾಮಕರಣದಲ್ಲಿ ಕಿವಿಯಲ್ಲಿ ಹೇಳಿದ್ದು ಒಂದು, ಆಸ್ಪತ್ರೆಯ ಚೀಟಿಯಲ್ಲಿರುವುದು ಇನ್ನೊಂದು, ಅಜ್ಜಿ ಕೂಗುವುದು ಪುಟ್ಟ, ಅಪ್ಪ ಕೂಗುವುದು ಬಂಗಾರಿ. ಚೀಟಿಯ ಹೆಸರು ಹಿಡಿದು ನರ್ಸಮ್ಮ ಕೂಗಿದರೆ ಮಗುವಲ್ಲ, ಅದರ ಅಜ್ಜಿಯೂ ತಿರುಗುವುದಿಲ್ಲ. ನಗು ಬಂದರೂ ವಿಷಯ ನಗೆಯದಲ್ಲ. ಒಂದು ಊರಿನ ಮಕ್ಕಳನ್ನು ನೋಡಿ ಕಲಿತ ಯಂತ್ರ ಇನ್ನೊಂದು ಊರಿನ ಮಕ್ಕಳ ಮುಂದೆ ಕೂರುವಾಗ ಮೊದಲು ಆ ಊರಿನ ರೀತಿನೀತಿ ಕಲಿಯಬೇಕು. ವರ್ಗವಾಗಿ ಹೊಸ ಶಾಲೆಗೆ ಹೋದ ಶಿಕ್ಷಕಿ ಮಾಡುವುದೂ ಅದನ್ನೇ.

ಆ ಶೇಕಡಾ ಲೆಕ್ಕಗಳನ್ನು ನಾವು ಹೆಂಗಸರು ಅಡುಗೆಮನೆಯ ಲೆಕ್ಕದಂತೆ ಬಿಡಿಸಿ ನೋಡುವುದು ಒಳ್ಳೆಯದು. ಒಂದು ತಾಲ್ಲೂಕಿನಲ್ಲಿ ಎರಡು ವರ್ಷದ ಸಾವಿರ ಮಕ್ಕಳಿದ್ದಾರೆ, ನೂರಕ್ಕೆ ಒಬ್ಬರಂತೆ ಹತ್ತು ಮಕ್ಕಳಿಗೆ ಆಟಿಸಂ ಇದೆ ಎಂದು ಇಟ್ಟುಕೊಳ್ಳೋಣ. ಅಷ್ಟೇ ಚುರುಕಾದ ಯಂತ್ರ ಆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ, ಒಂದನ್ನು ಬಿಡುತ್ತದೆ. ಉಳಿದ 990 ಮಕ್ಕಳಲ್ಲಿ ನೂರಕ್ಕೆ 19ರಂತೆ ಸುಮಾರು 190 ಮಕ್ಕಳ ಕಡೆಗೂ ಬೆರಳು ತೋರಿಸುತ್ತದೆ. ಅಂದರೆ ಇನ್ನೂರು ಮನೆಗಳಿಗೆ ಕರೆ ಹೋಗುತ್ತದೆ. ಆ ಪೈಕಿ ಒಂಬತ್ತು ಮನೆಗಳಲ್ಲಿ ಮಾತ್ರ ಆ ಮಾತು ನಿಜ. ಉಳಿದವುಗಳಲ್ಲಿ ಕೆಲವು ಮಕ್ಕಳಿಗೆ ಮಾತು ತಡವಾಗಿರಬಹುದು, ಕಿವಿ ಮಂದವಾಗಿರಬಹುದು, ಅವರಿಗೂ ತಪಾಸಣೆಯಿಂದ ಪ್ರಯೋಜನವೇ. ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿಯುವುದೆಲ್ಲ ಕಲ್ಲಲ್ಲ, ನುಚ್ಚೂ ಉಳಿಯುತ್ತದೆ ಎಂದು ನಮಗೆ ಗೊತ್ತು. ಆದರೆ ಈ ತಿಳಿವಳಿಕೆಯನ್ನು ಆ ಇನ್ನೂರು ತಾಯಂದಿರಿಗೆ ಕೂರಿಸಿಕೊಂಡು ಹೇಳುವವರು ಬೇಕು. ಜರಡಿಯನ್ನೇ ವೈದ್ಯರ ಕೊನೆಯ ಮಾತೆಂದು ತಿಳಿದು ಮನೆಗೆ ಹೋದ ತಾಯಿ ಆ ರಾತ್ರಿ ಹೇಗೆ ಕಳೆದಾಳು?

ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಉಪಕರಣವಿದೆ. ಕ್ಯಾನ್ವಾಸ್ ಡಿಎಕ್ಸ್ ಎಂದು ಅದರ ಹೆಸರು. ಈಗಾಗಲೇ ಅನುಮಾನ ಬಂದಿರುವ ಒಂದೂವರೆಯಿಂದ ಆರು ವರ್ಷದ ಮಕ್ಕಳಿಗಾಗಿ ಅದನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಅನುಮತಿ ಕೊಟ್ಟಿತು. ತಂದೆತಾಯಿಯ ಉತ್ತರ, ಮನೆಯಲ್ಲಿ ತೆಗೆದ ಸಣ್ಣ ವೀಡಿಯೋ, ಡಾಕ್ಟರ ಉತ್ತರ ಮೂರನ್ನೂ ಕೂಡಿಸಿ ಅದು ಹೇಳುತ್ತದೆ. 425 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಹೌದು ಅಥವಾ ಅಲ್ಲ ಎಂದು ಖಚಿತವಾಗಿ ಹೇಳಿದ್ದು ನೂರಕ್ಕೆ 32ರಷ್ಟು ಮಕ್ಕಳ ವಿಷಯದಲ್ಲಿ ಮಾತ್ರ. ಉಳಿದವರ ಬಗ್ಗೆ 'ಹೇಳಲಾಗದು' ಎಂದಿತು. ಇದನ್ನು ಕೆಲವರು ಕೊರತೆ ಎನ್ನುತ್ತಾರೆ. ನಾನು ಹಾಗೆನ್ನಲಾರೆ. ಮಕ್ಕಳ ಭವಿಷ್ಯದ ಬಗ್ಗೆ ಗೊತ್ತಿಲ್ಲದ್ದನ್ನೂ ಗೊತ್ತಿರುವವರಂತೆ ಹೇಳುವ ಮನುಷ್ಯರ ನಡುವೆ, ತಿಳಿಯದ್ದನ್ನು ತಿಳಿಯದು ಎನ್ನುವ ಯಂತ್ರಕ್ಕೆ ಒಂದು ಬಗೆಯ ವಿನಯವಿದೆ.

ಇವೆಲ್ಲ ಅಮೆರಿಕದ ಮಾತು, ನಮಗೇನು ಎಂದು ನೀವು ಕೇಳಬಹುದು. ನಮ್ಮಲ್ಲೂ ಈ ದಾರಿ ತೆರೆದಿದೆ. ಸ್ಟಾರ್ಟ್ ಎಂಬ ಯೋಜನೆಯಲ್ಲಿ ದೆಹಲಿಯ ಸುತ್ತಮುತ್ತ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಟ್ಯಾಬ್ ಹಿಡಿದು ಮನೆಗಳಿಗೇ ಹೋದರು. ಎರಡರಿಂದ ಏಳು ವರ್ಷದ 131 ಮಕ್ಕಳು ಗುಳ್ಳೆ ಒಡೆದರು, ಬಣ್ಣ ತುಂಬಿದರು, ಚಿತ್ರ ನೋಡಿದರು. ಬೆಳವಣಿಗೆಯ ತೊಡಕಿರುವ ಮಕ್ಕಳನ್ನು ಇಲ್ಲದವರಿಂದ ಬೇರ್ಪಡಿಸುವಲ್ಲಿ ಅದು ನೂರಕ್ಕೆ 86ರಷ್ಟು, ಆಟಿಸಂ ಅನ್ನೇ ಗುರುತಿಸುವಲ್ಲಿ 78ರಷ್ಟು ಸರಿಯಾಗಿತ್ತೆಂದು 2024ರಲ್ಲಿ ಬರೆದರು. ಇನ್ನೂ ಸಣ್ಣ ಪ್ರಯೋಗ, ನಿಜ. ಆದರೆ ತಜ್ಞರಿರುವುದು ದೊಡ್ಡ ಊರುಗಳಲ್ಲಿ, ಮಕ್ಕಳಿರುವುದು ಎಲ್ಲ ಊರುಗಳಲ್ಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬೀದರಿನ ಹಳ್ಳಿಯಿಂದ ಮಗುವನ್ನು ಎತ್ತಿಕೊಂಡು ಬರುವುದೆಂದರೆ ಏನೆಂದು ಬಂದವರಿಗೆ ಗೊತ್ತು. ಮನೆಬಾಗಿಲಿಗೆ ಬರುವ ಕಾರ್ಯಕರ್ತೆಯ ಕೈಯಲ್ಲಿ ಒಂದು ಉಪಕರಣವಿದ್ದರೆ ಬೇಡವೆನ್ನಲು ಕಾರಣವಿಲ್ಲ.

ನೋಡುವ ಅವಕಾಶವಂತೂ ಈಗಾಗಲೇ ಇದೆ. ತಾಯಿ ಕಾರ್ಡ್ ಹಿಡಿದು 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೆಯ ಚುಚ್ಚುಮದ್ದಿಗೆ ಎಲ್ಲ ತಾಯಂದಿರೂ ಹೋಗಬೇಕು. ಆಟಿಸಂ ನೋಡಲು ಡಾಕ್ಟರುಗಳು ಹೇಳುವ ವಯಸ್ಸೂ ಅದೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಹುಟ್ಟಿನ ದೋಷ, ಕೊರತೆ, ಕಾಯಿಲೆಗಳ ಜೊತೆಗೆ ಬೆಳವಣಿಗೆಯ ವಿಳಂಬವೂ ಸೇರಿದೆ. ಅನುಮಾನ ಬಂದ ಮಗುವನ್ನು ಜಿಲ್ಲೆಯ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ಕಾಗದದ ಮೇಲೆ ದಾರಿ ಪೂರ್ತಿಯಾಗಿದೆ.

ಆ ದಾರಿಯಲ್ಲಿ ನಡೆದವಳೊಬ್ಬಳನ್ನು ನಾನು ಬಲ್ಲೆ. ನಮ್ಮ ಬೀದಿಯಲ್ಲಿ ಹೂ ಮಾರುವವಳ ಮಗಳು. ತನ್ನ ಮಗುವನ್ನು ನೋಡಿದ ತಂಡದವರು ಒಂದು ಚೀಟಿ ಬರೆದುಕೊಟ್ಟು ಕಳಿಸಿದರು. ಮೊದಲ ಸಲ ಹೋದಾಗ ನೋಡಬೇಕಾದವರು ರಜೆ. ಎರಡನೆಯ ಸಲ 'ಮಾತು ಕಲಿಸುವವರ ಹುದ್ದೆ ಖಾಲಿ ಇದೆ, ಮುಂದಿನ ತಿಂಗಳು ಬನ್ನಿ' ಎಂದರು. ಮೂರನೆಯ ಸಲವೂ ಅದೇ ಉತ್ತರ. ಪ್ರತಿ ಸಲವೂ ಎರಡು ಬಸ್ಸು, ಒಂದು ದಿನದ ವ್ಯಾಪಾರ. ನಾಲ್ಕನೆಯ ಸಲ ಅವಳು ಹೋಗಲಿಲ್ಲ. ಆದರೆ ಆ ಚೀಟಿಯ ಸುದ್ದಿ ಓಣಿಗೆಲ್ಲ ಹೋಗಿತ್ತು. ಮೊದಲು ತನ್ನ ಪಾಡಿಗೆ ತಾನು ಆಡಿಕೊಂಡಿದ್ದ ಮಗುವನ್ನು ಈಗ ಉಳಿದ ಮಕ್ಕಳ ತಾಯಂದಿರು ದೂರ ಇರಿಸತೊಡಗಿದರು. ಅವಳು ನನ್ನನ್ನು ಕೇಳಿದ್ದು ಇಷ್ಟೇ: 'ಏನೂ ಮಾಡೋಕಾಗದಿದ್ರೆ ಯಾಕೆ ಹೇಳಿದ್ರು ಟೀಚರಮ್ಮ?'

ಈ ಪ್ರಶ್ನೆಗೆ ಉತ್ತರ ಹೇಳದೆ ಯಾವ ಹೊಸ ಉಪಕರಣದ ಹೊಗಳಿಕೆಯೂ ಪೂರ್ತಿಯಾಗುವುದಿಲ್ಲ ಎಂದು ನನಗನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಲ್ಲಿ, ಜನರನ್ನು ಹೀಗೆ ಜರಡಿ ಹಿಡಿದು ನೋಡುವ ಮೊದಲು ಇರಬೇಕಾದ ಹತ್ತು ನಿಯಮಗಳನ್ನು ಬರೆದರು. ಕಾಯಿಲೆಯನ್ನು ಖಚಿತಪಡಿಸುವ ಮತ್ತು ಚಿಕಿತ್ಸೆ ಕೊಡುವ ವ್ಯವಸ್ಥೆ ಕೈಗೆ ಸಿಗುವಂತಿರಬೇಕು ಎಂಬುದು ಅವುಗಳಲ್ಲೊಂದು. ಹೂ ಮಾರುವವಳ ಮಗಳು ಕೇಳಿದ್ದೂ ಅದೇ ನಿಯಮವನ್ನು. ಮಗುವನ್ನು ನೋಡಿ 'ಇದೆ' ಎಂದು ಹೇಳಿದ ಕ್ಷಣದಲ್ಲೇ ಹೇಳಿದವರು ಒಂದು ಮಾತು ಕೊಟ್ಟ ಹಾಗಾಗುತ್ತದೆ. ಕೊಟ್ಟ ಮಾತು ನಡೆಸದಿದ್ದರೆ ಆ ಅರಿವು ತಾಯಿಯ ತಲೆಯ ಮೇಲಿನ ಹೊರೆ ಮಾತ್ರ.

ಹಾಗಾದರೆ ಎಲ್ಲ ಸೌಕರ್ಯ ಬರುವ ತನಕ ನೋಡುವುದೇ ಬೇಡವೇ? ಹಾಗೆಂದರೆ ಮತ್ತೆ ಗೇಟಿನ ಹೊರಗಿನ ಕಟ್ಟೆಗೇ ಹಿಂದಿರುಗಿದಂತೆ. ಖಾಲಿ ಹುದ್ದೆಗಳು ತುಂಬಬೇಕೆಂದು ಕೇಳಲಾದರೂ ಎಷ್ಟು ಮಕ್ಕಳಿಗೆ ಬೇಕೆಂಬ ಲೆಕ್ಕ ಬೇಕು. ಜೊತೆಗೆ, ಸಹಾಯವೆಂದರೆ ತಜ್ಞರು ಮಾತ್ರವೇ ಮಾಡಬಲ್ಲದ್ದೂ ಅಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಡನೆ ನಡೆಸಿದ ಪಾಸ್ ಎಂಬ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ತಂದೆ ಅಥವಾ ತಾಯಿ ಮಗುವಿನೊಡನೆ ಆಡುವುದನ್ನು ವೀಡಿಯೋ ತೆಗೆದರು. ಆಮೇಲೆ ಜೊತೆಗೆ ಕೂತು ಆ ವೀಡಿಯೋ ನೋಡಿದರು. 'ಇಲ್ಲಿ ನೋಡಿ, ಮಗು ಗಾಲಿ ತಿರುಗಿಸಿತು, ನೀವೂ ಸುಮ್ಮನೆ ಅದನ್ನೇ ನೋಡಿದಿರಿ, ಆಗ ಅದು ನಿಮ್ಮ ಕಡೆ ತಿರುಗಿತು' ಎಂಬಂಥ ಸಣ್ಣ ಸಣ್ಣ ಗಳಿಗೆಗಳನ್ನು ಹುಡುಕಿ ತೋರಿಸುವ ಕೆಲಸ ಅದು. ತಂದೆತಾಯಿ ಮಗುವಿನ ಲಯಕ್ಕೆ ಹೊಂದಿಕೊಂಡಷ್ಟೂ ಮಗು ತಾನಾಗಿ ಮಾತು ಸನ್ನೆ ಆರಂಭಿಸುವುದು ಹೆಚ್ಚಾಯಿತು. ಅದೇ ಕ್ಯಾಮೆರಾ. ಅಳೆಯುವುದಕ್ಕೂ ಬರುತ್ತದೆ, ಕಲಿಸುವುದಕ್ಕೂ ಬರುತ್ತದೆ. ಇಲ್ಲಿ ಯಾರೂ ಮಗುವನ್ನು ಬಗ್ಗಿಸಲಿಲ್ಲ. ದೊಡ್ಡವರೇ ಸ್ವಲ್ಪ ಬಗ್ಗಿದರು.

ಇನ್ನೊಂದು ದೇಶದ ಅನುಭವವನ್ನೂ ಹೇಳಬೇಕು. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ ಲಾ ಟ್ರೋಬ್ ವಿಶ್ವವಿದ್ಯಾಲಯದವರು ತಾಯಿ ಮಕ್ಕಳ ನರ್ಸ್‌ಗಳಿಗೆ ಮಗುವಿನಲ್ಲಿ ಏನನ್ನು ನೋಡಬೇಕೆಂದು ತರಬೇತಿ ಕೊಟ್ಟರು. ಮಾಮೂಲಿ ತಪಾಸಣೆಗೆ ಬಂದ 13,511 ಮಕ್ಕಳನ್ನು ಆ ನರ್ಸ್‌ಗಳು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷದೊಳಗೆ ಅವರು ಅನುಮಾನಪಟ್ಟ ಮಕ್ಕಳು ಪೂರ್ಣ ತಪಾಸಣೆಗೆ ಹೋದಾಗ ನೂರಕ್ಕೆ 83ರಷ್ಟು ಮಕ್ಕಳಲ್ಲಿ ಆಟಿಸಂ ಇರುವುದು ನಿಜವಾಗಿತ್ತು. ಕಲಿತ ಕಣ್ಣಿಗೆ ಇಷ್ಟು ಶಕ್ತಿಯಿದೆ. ಟ್ಯಾಬ್ ಕೊಳ್ಳಲು ಹಣ ತೆಗೆದಿಡುವವರು ಅಂಗನವಾಡಿ ಕಾರ್ಯಕರ್ತೆಯ, ಆಶಾ ಕಾರ್ಯಕರ್ತೆಯ ಕಣ್ಣಿಗೂ ಅಷ್ಟೇ ಹಣ ತೆಗೆದಿಡಬೇಕು. ಈಗಾಗಲೇ ಹತ್ತು ರಿಜಿಸ್ಟರು ಬರೆಯುವ ಅವಳ ಕೈಗೆ ಹನ್ನೊಂದನೆಯದಾಗಿ ಟ್ಯಾಬ್ ಕೊಟ್ಟು ಗೌರವಧನ ಹಾಗೆಯೇ ಬಿಟ್ಟರೆ ಅದು ನ್ಯಾಯವಲ್ಲ.

ಅದೇ ವಿಶ್ವವಿದ್ಯಾಲಯದವರು ತಂದೆತಾಯಿ ತಾವೇ ಬಳಸುವಂತೆ ಫೋನಿನ ಒಂದು ಆ್ಯಪ್ ಕೂಡ ಮಾಡಿದ್ದಾರೆ, ಎಎಸ್‌ಡಿಟೆಕ್ಟ್ ಎಂದು. ನನ್ನ ತಂಗಿಯ ಮಗಳು ಅದರ ವಿಷಯ ತಿಳಿದು ಕೇಳಿದಳು, 'ದೊಡ್ಡಮ್ಮ, ಪಾಪುಗೆ ಮಾಡಿ ನೋಡ್ಲಾ?' ಪಾಪುವಿಗೆ ಆಗ ಇಪ್ಪತ್ತು ತಿಂಗಳು. ನನ್ನ ತಂಗಿಗೆ ಸಿಟ್ಟು. 'ಚೆನ್ನಾಗಿರೋ ಮಗೂಗೆ ಯಾಕೆ ಸೀಲು ಹೊಡೆಸ್ತೀಯೆ' ಎಂದಳು. ಒಂದು ವಾರ ತಾಯಿ ಮಗಳು ಮಾತು ಬಿಟ್ಟಿದ್ದರು. ನಾನು ಹುಡುಗಿಗೆ ಹೇಳಿದ್ದು ಇಷ್ಟು. 'ಮಾಡು. ಆದರೆ ಮಾಡುವ ಮೊದಲು ಕೂತು ಯೋಚಿಸು. ಹೌದು ಅಂತ ಬಂದರೆ ಮಾರನೆಯ ದಿನ ಏನು ಮಾಡ್ತೀಯ, ಯಾವ ಡಾಕ್ಟರ ಹತ್ತಿರ ಹೋಗ್ತೀಯ, ಯಾರಿಗೆ ಹೇಳ್ತೀಯ, ಯಾರಿಗೆ ಹೇಳೋಲ್ಲ. ಇಲ್ಲ ಅಂತ ಬಂದರೂ ನಿನ್ನ ಮನಸ್ಸಿಗೆ ಅನುಮಾನ ಉಳಿದಿದ್ದರೆ ಆ್ಯಪ್ ಹೇಳಿತು ಅಂತ ಸುಮ್ಮನಿರಬೇಡ.' ಅವಳು ಮಾಡಿದಳು. ಏನು ಬಂತೆಂದು ನಾನು ಇಲ್ಲಿ ಬರೆಯುವುದಿಲ್ಲ. ಅದು ಆ ಮಗುವಿನದು. ದೊಡ್ಡದಾದ ಮೇಲೆ ಹೇಳಿಕೊಳ್ಳಬೇಕೋ ಬೇಡವೋ ಎಂಬುದನ್ನು ಅದೇ ತೀರ್ಮಾನಿಸಲಿ.

ಕ್ಯಾಮೆರಾ ತೆಗೆದ ಮುಖದ ವೀಡಿಯೋಗಳಿಗೂ ಇದೇ ಮಾತು. ಅವು ಯಾರ ಪೆಟ್ಟಿಗೆಯಲ್ಲಿ, ಎಷ್ಟು ವರ್ಷ ಇರುತ್ತವೆ? ನಾಳೆ ಶಾಲೆಯ ಪ್ರವೇಶಕ್ಕೋ ವಿಮೆಗೋ ಮದುವೆಗೋ ಯಾರಾದರೂ ತೆಗೆದು ನೋಡಿದರೆ? ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯೆಂದರೆ ಸಾಲಿನಲ್ಲಿ ನಿಂತಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ಬೇಡ ಎನ್ನುವ ತಾಯಿಗೆ ಚುಚ್ಚುಮದ್ದೋ ಪೌಷ್ಟಿಕ ಆಹಾರವೋ ತಪ್ಪಬಾರದು. ಬೇಡವೆನ್ನಲು ಬಾರದ ಕಡೆ ಹೂಂಗುಟ್ಟುವುದಕ್ಕೆ ಬೆಲೆಯಿಲ್ಲ ಎಂಬುದು ಹೆಂಗಸರಾದ ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಆಟಿಸಂ ಇರುವವರಲ್ಲೇ ಬೆಳೆದು ದೊಡ್ಡವರಾಗಿ ಬರೆಯುವವರು, ಮಾತಾಡುವವರು ಈಗ ಇದ್ದಾರೆ. ನಮ್ಮನ್ನು ನಿಮ್ಮಂತೆ ಮಾಡಲು ಹುಡುಕಬೇಡಿ, ನಾವು ನಾವಾಗಿ ಬಾಳಲು ಏನು ಬೇಕೆಂದು ತಿಳಿಯಲು ಹುಡುಕಿ ಎಂಬುದು ಅವರಲ್ಲಿ ಅನೇಕರ ಮಾತಿನ ಸಾರ. ನಾನು ಕಂಡ ಹುಡುಗನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಗಂಟೆಯಿಂದ ದೂರದ ಒಂದು ಜಾಗ, ಮಾತಿಗೆ ಮೊದಲು ಚಿತ್ರ ತೋರಿಸಿ ಹೇಳುವ ಒಬ್ಬರು, ಅವನ ತಾಯಿಗೆ ಒಂದು ಕುರ್ಚಿ.

ಆದ್ದರಿಂದ ನಮ್ಮ ಊರಿನ ಆಸ್ಪತ್ರೆಗೋ ಅಂಗನವಾಡಿಗೋ ಇಂಥ ಉಪಕರಣ ಬಂದರೆ ಬೇಡವೆನ್ನದೆ, ಹೆದರದೆ, ನಾವು ಹೆಂಗಸರು ನಾಲ್ಕು ಪ್ರಶ್ನೆ ಕೇಳೋಣ. ಇದನ್ನು ನಮ್ಮ ಭಾಷೆಯ, ನಮ್ಮ ಮನೆಗಳ ಮಕ್ಕಳ ಮೇಲೆ ನೋಡಿದ್ದೀರಾ? ತಪ್ಪಾಗಿ ಬೆರಳು ತೋರಿಸಿದರೆ ತಾಯಿಗೆ ಯಾರು ಬಿಡಿಸಿ ಹೇಳುತ್ತಾರೆ? ವೀಡಿಯೋ ಎಲ್ಲಿಡುತ್ತೀರಿ, ಯಾವಾಗ ಅಳಿಸುತ್ತೀರಿ? ಹೌದು ಎಂದಾದರೆ ಮುಂದಿನ ಸೋಮವಾರ ಮಗುವನ್ನು ಯಾರ ಬಳಿಗೆ ಕರೆದುಕೊಂಡು ಹೋಗಬೇಕು, ಅವರು ಅಲ್ಲಿ ಇರುತ್ತಾರೆಯೇ? ಮಹಿಳಾ ಸಮಾಜದ ಸಭೆಯಲ್ಲಿ, ಶಾಲೆಯ ಎಸ್‌ಡಿಎಂಸಿಯಲ್ಲಿ, ಗ್ರಾಮಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳೇ ಇವು. ನಾಲ್ಕನೆಯದಕ್ಕೆ ಉತ್ತರ ಸಿಗುವ ತನಕ ಮತ್ತೆ ಮತ್ತೆ ಕೇಳಬೇಕು. ಹೂ ಮಾರುವವಳ ಮಗಳು ಮೂರು ಸಲ ಒಬ್ಬಳೇ ಹೋಗಿ ಬಂದಳು. ನಾಲ್ಕನೆಯ ಸಲ ಅವಳ ಜೊತೆ ನಾವು ಹತ್ತು ಜನ ಹೋಗಬಹುದು.